ತಾರಸಿಗೆ ಕೆಮಿಕಲ್, ಜೊತೆಗೆ ನೀರಿನ ಪೈಪು

ಸ್ನೇಹಿತರೇ, ಇವತ್ತು ಶಿರ್ತಾಡಿಯಲ್ಲಿ ನಮ್ಮ ಹೊಸ ಮನೆಯ ತಾರಸಿಗೆ ಕಾಂಕ್ರೀಟ್ ಹಾಕಿದರು. ನೀರು ಕಡಿಮೆ ಇದ್ದರೂ ಕಾಂಕ್ರೀಟ್ ಸಲೀಸಾಗಿ ಹರಡಲಿ, ಗಟ್ಟಿಯಾಗಲಿ ಎಂದು ಮೂಡುಬಿದಿರೆಯಿಂದ ನಾನೇ ಕೆಮಿಕಲ್ ತಂದುಕೊಟ್ಟಿದ್ದೆ. ಕಂಟ್ರಾಕ್ಟರ್ ಅದನ್ನೂ ಸುರಿಸಿದರು, ಮಿಕ್ಸರಿಗೆ ನೀರಿನ ಪೈಪನ್ನೂ ಬಿಟ್ಟರು. ಕಾಂಕ್ರೀಟ್ ಗಂಜಿಯಾಯಿತು!

“ನೀರು ಕಡಿಮೆ ಮಾಡ್ಲಿಕ್ಕೇ ಅಲ್ವಾ ಕೆಮಿಕಲ್ ತಂದದ್ದು?” ಎಂದು ಕಿರುಚಿದೆ.

“ಕೆಮಿಕಲ್ ಉಂಟಲ್ಲ ಮಾರಾಯ್ರೆ, ನೀರು ಎಷ್ಟಾದ್ರೂ ಅದು ನೋಡಿಕೊಳ್ತದೆ.”

“ಮಳೆಗಾಲದಲ್ಲಿ ಸೋರಿದ್ರೆ?”

“ಮಳೆಗೆ ಮೇಲೆ ಹೇಗೂ ತಗಡಿನ ಶೀಟ್ ಹಾಕಿಸ್ತೀರಿ ಅಲ್ವಾ? ಊರಲ್ಲಿ ಎಲ್ಲರೂ ಹಾಕಿಸುದೇ. ನಮ್ಮ ಭಾವನೇ ಹಾಕುದು, ನಂಬರ್ ಕೊಡ್ತೇನೆ.”

ಸುತ್ತ ನೋಡಿದೆ. ಶೀಟಿಲ್ಲದ ಒಂದು ತಾರಸಿಯೂ ಕಾಣಲಿಲ್ಲ. ನಮ್ಮ ಕಾಂಕ್ರೀಟ್ ಇನ್ನೂ ಗಟ್ಟಿಯಾಗಿಲ್ಲ, ಭಾವನ ನಂಬರ್ ಮಾತ್ರ ಆಗಲೇ ನನ್ನ ಫೋನಿಗೆ ಬಂದಿದೆ.