ಖಾರದ ಭರಣಿ ಹೊತ್ತ ಹಡಗು

ಒಣ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಮಾಡಿದವರಿಗೆ ಗೊತ್ತು, ಆ ಹೊತ್ತಿನಲ್ಲಿ ನಮ್ಮ ಕೈ ನಮ್ಮದಲ್ಲ. ಕಣ್ಣು ಮುಟ್ಟುವಂತಿಲ್ಲ, ಮೂಗು ಒರೆಸುವಂತಿಲ್ಲ, ಮುಖದ ಮೇಲೆ ಕೂದಲು ಬಿದ್ದರೆ ಊದಿಯೇ ಸರಿಸಬೇಕು. ಸಂಕ್ರಾಂತಿ ಕಳೆದ ಮೇಲೆ ವರ್ಷಕ್ಕಾಗುವಷ್ಟು ಖಾರ ಮಾಡಿಟ್ಟುಕೊಳ್ಳುವುದು ನಮ್ಮ ಕುಷ್ಟಗಿ ಕಡೆಯ ಪದ್ಧತಿ. ಎರಡು ಸಾವಿರದ ನಾಲ್ಕೋ ಐದೋ ಇರಬೇಕು, ಪಡಸಾಲೆಯಲ್ಲಿ ಹಳೆಯ ಧೋತರ ಹಾಸಿ, ಕೆಂಪು ಗುಡ್ಡೆಯ ಮುಂದೆ ಕೂತು ನಾನು ಸೀನುತ್ತಿದ್ದಾಗ ಫೋನು ಬಂತು. ಸೆರಗಿನಲ್ಲಿ ರಿಸೀವರು ಹಿಡಿದು ಕಿವಿಗಿಟ್ಟುಕೊಂಡೆ. ಆ ಕಡೆ ಒಬ್ಬ ಹುಡುಗಿ, ನಮಗೆ ಹಡಗಿನ ಪ್ರವಾಸ ಬಹುಮಾನ ಬಂದಿದೆ ಎಂದಳು. ಎರಡು ರಾತ್ರಿ, ಮೂರು ಹಗಲು, ಸಮುದ್ರದ ಮೇಲೆ, ಗಂಡ ಹೆಂಡತಿ ಇಬ್ಬರಿಗೂ ಪುಕ್ಕಟೆ. ಬರುವ ರವಿವಾರ ಹೊಸಪೇಟೆಯ ಒಂದು ಹೋಟೆಲಿಗೆ ದಂಪತಿ ಕೂಡಿ ಬಂದು ಒಂದೂವರೆ ತಾಸು ಕಂಪನಿಯವರ ಮಾತು ಕೇಳಿದರೆ ಸಾಕು, ಹಡಗಿನ ಕಾಗದ ಕೈಗೆ ಕೊಡುತ್ತಾರಂತೆ. ಅಷ್ಟರಲ್ಲಿ ನನಗೆ ಮತ್ತೊಂದು ಸೀನು ಬಂತು. ಒಳ್ಳೆಯ ಸುದ್ದಿಯ ನಡುವೆ ಸೀನಿದರೆ ಸ್ವಲ್ಪ ಕೂತು, ನೀರು ಕುಡಿದು ಮುಂದುವರಿಯಬೇಕು ಎನ್ನುತ್ತಿದ್ದರು ನಮ್ಮ ಅತ್ತೆ. ಮೆಣಸಿನಕಾಯಿಯ ಸೀನು ಲೆಕ್ಕಕ್ಕಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡು, ಬರುತ್ತೇವೆ ಎಂದುಬಿಟ್ಟೆ.

ನಿಮಗೆ ಹೇಳಲೇಬೇಕು, ಆ ಹುಡುಗಿ ಬಂಗಾರ ಬಂದಿದೆ ಎಂದಿದ್ದರೆ ನಾನು ಇಷ್ಟು ಬೇಗ ಒಪ್ಪುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ನಮ್ಮ ಯಜಮಾನರು, ನಿನಗೇನು ಬೇಕು ಕೇಳು, ಎಂದಾಗ ನಾನು ಸಮುದ್ರ ನೋಡಬೇಕು ಎಂದಿದ್ದೆ. ಕಿವಿಯೋಲೆ ಕೇಳಿದ್ದರೆ ಪಾಪ ಹೇಗಾದರೂ ಮಾಡಿ ತರುತ್ತಿದ್ದರು. ಸಮುದ್ರ ತರುವ ಬಗೆ ತಿಳಿಯದೆ ತಾಲೂಕು ಕಚೇರಿಯ ಗುಮಾಸ್ತರಾಗಿ ಹದಿನೆಂಟು ವರ್ಷ ಕಳೆದಿದ್ದರು. ನಾನು ಮತ್ತೆ ಆ ಮಾತು ಎತ್ತಿರಲಿಲ್ಲ. ಅವರು ಮರೆತಿದ್ದಾರೆ ಎಂದುಕೊಂಡಿದ್ದೆ. ಸಂಜೆ ಬಂದವರಿಗೆ ಫೋನಿನ ಸುದ್ದಿ ಹೇಳಿದಾಗ, ಚಹಾದ ಬಟ್ಟಲು ಕೆಳಗಿಟ್ಟು, ನನ್ನ ಮುಖವನ್ನೇ ನೋಡಿದರು. ಆಗ ತಿಳಿಯಿತು, ಮರೆತಿರಲಿಲ್ಲ.

ನಮ್ಮ ಹೆಸರು ಅವರಿಗೆ ಸಿಕ್ಕಿದ್ದಾದರೂ ಹೇಗೆ ಎಂದು ಆಮೇಲೆ ಯೋಚಿಸಿದೆವು. ದೀಪಾವಳಿಗೆ ಗಂಗಾವತಿಯ ಸೀರೆ ಅಂಗಡಿಯಲ್ಲಿ ಒಂದು ಚೀಟಿ ತುಂಬಿ ಡಬ್ಬಿಗೆ ಹಾಕಿದ್ದೆವು. ಅದರಲ್ಲಿ ವರ್ಷದ ಆದಾಯ ಎಷ್ಟು ಎಂದು ಗುರುತು ಹಾಕಲು ನಾಲ್ಕು ಚೌಕದ ಮನೆ ಬಿಡಿಸಿದ್ದರು. ಅಂಗಡಿಯ ಸಾವಕಾರರು ಹೆಗಲ ಮೇಲಿಂದ ಇಣುಕುತ್ತಿದ್ದರೆಂದು ನಾಚಿ, ನಮ್ಮವರು ಎಲ್ಲಕ್ಕಿಂತ ಮೇಲಿನ ಮನೆಗೆ ಗುರುತು ಹಾಕಿದ್ದರು. ಹೀಗೆ ಒಂದು ಪೆನ್ನಿನ ಗೀಟಿನಲ್ಲಿ ಶ್ರೀಮಂತರಾದವರು ನಾವು.

ಗಂಡ ಹೆಂಡತಿ ಕೂಡಿ ಬನ್ನಿ ಎಂದು ಯಾರಾದರೂ ಕರೆದರೆ ನಮ್ಮಲ್ಲಿ ಅದು ಮರ್ಯಾದೆಯ ಕರೆ, ಬರಿಗೈಯಲ್ಲಿ ಹೋಗುವುದಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಬದನೆಕಾಯಿ ಕಟ್ಟಿಕೊಂಡೆ. ಹೋಟೆಲಿಗೆ ಯಾರಾದರೂ ಬುತ್ತಿ ಒಯ್ಯುತ್ತಾರೆಯೇ ಎಂದು ಇವರು ಬಸ್ ಸ್ಟ್ಯಾಂಡಿನವರೆಗೂ ಗೊಣಗಿದರು. ಹಡಗು ಕೊಡುವವರಿಗೆ ನಾಲ್ಕು ರೊಟ್ಟಿಯಾದರೂ ಕೊಡಬೇಡವೇ ಎಂದು ನಾನು ಗಂಟನ್ನು ಮಡಿಲಲ್ಲೇ ಇಟ್ಟುಕೊಂಡು ಕೂತೆ.

ಹೋಟೆಲಿನ ಆ ದೊಡ್ಡ ಕೋಣೆ ಮೈ ನಡುಗುವಷ್ಟು ತಣ್ಣಗಿತ್ತು. ಮೇಜಿಗೊಂದು ಜೋಡಿಯಂತೆ ನಮ್ಮಂಥವರೇ ಕೂತಿದ್ದರು. ಫೋನು ಮಾಡಿದ್ದ ಹುಡುಗಿ ನಮ್ಮ ಮೇಜಿಗೇ ಬಂದಳು. ನಿರ್ಮಲಾ ಎಂದು ಹೆಸರು, ಕನಕಗಿರಿಯವಳು. ಗುಡ್ಡದ ಮೇಲಿನ ಮನೆ, ಕಡಲ ದಂಡೆಯ ಮನೆ, ಒಂದೊಂದೇ ಚಿತ್ರ ತೆರೆದು ತೋರಿಸಿದಳು. ಒಮ್ಮೆ ಹಣ ಕಟ್ಟಿದರೆ ಇಪ್ಪತ್ತೈದು ವರ್ಷ, ವರ್ಷಕ್ಕೊಂದು ವಾರ, ಆ ಮನೆಗಳಲ್ಲಿ ಇರಬಹುದಂತೆ. ಯಾವುದೋ ಮೇಜಿನಲ್ಲಿ ಯಾರೋ ಸಹಿ ಮಾಡಿದರೆ ಗಂಟೆ ಬಾರಿಸುತ್ತಿದ್ದರು, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಮೊದಲ ಗಂಟೆಗೆ ನಾನು ರೂಢಿಯಂತೆ ಕೈಮುಗಿದುಬಿಟ್ಟೆ.

ಒಂದೂವರೆ ತಾಸು ಮೂರು ತಾಸಾಯಿತು. ಟೈ ಕಟ್ಟಿದ ಮ್ಯಾನೇಜರು ಬಂದು ಕೂತರು. ಕಾಗದ ಮುಂದೆ ಬಂತು. ಇವರು ಜೇಬಿನಿಂದ ಪೆನ್ನು ತೆಗೆದರು. ನನಗೆ ಗೊತ್ತಿಲ್ಲದಂತೆ ಚೆಕ್ ಪುಸ್ತಕವನ್ನೂ ತಂದಿದ್ದರು. ಆ ಖಾತೆಯಲ್ಲಿದ್ದದ್ದು ನಮ್ಮ ಮಗಳು ಸವಿತಾಳ ನರ್ಸಿಂಗ್ ಓದಿಗೆಂದು ಕೂಡಿಟ್ಟದ್ದು. ಮಾರ್ಚಿನಲ್ಲಿ ಅವಳ ಪಿಯುಸಿ ಪರೀಕ್ಷೆ, ಅದು ಮುಗಿದರೆ ಕಾಲೇಜಿಗೆ ಕಟ್ಟಬೇಕಾದ ಹಣ. ಇವರು ಅದನ್ನು ಮರೆತಿರಲಿಲ್ಲ. ಆದರೆ ಅವರ ಕಣ್ಣು ಕಡಲ ದಂಡೆಯ ಚಿತ್ರದ ಮೇಲಿತ್ತು, ನಡುವೆ ನನ್ನ ಮೇಲಿತ್ತು. ಆಸೆಬುರುಕ ಗಂಡನನ್ನು ತಡೆಯುವುದು ಸುಲಭ. ನನಗಾಗಿಯೇ ತಪ್ಪು ಮಾಡಲು ಹೊರಟವರನ್ನು ಏನೆಂದು ತಡೆಯಲಿ? ಪರರ ಮುಂದೆ ಬೇಡ ಎಂದರೆ ಅವರ ಮುಖ ಬಾಡುತ್ತದೆ. ಬೇಕು ಎನ್ನಲು, ನಿಜ ಹೇಳುತ್ತೇನೆ, ನಾಲಿಗೆಯ ತುದಿಗೇ ಬಂದಿತ್ತು.

ಆಗ ಬಾಯಿಂದ ಹೊರಟದ್ದು ನಮ್ಮ ಮನೆಯ ಹಳೆಯ ಮಾತು.

"ಮನಿದೇವರಿಗೆ ಹೂ ಕೇಳಬೇಕ್ರಿ."

ನಮ್ಮ ಮನೆದೇವರು ಹನುಮಪ್ಪ. ಬೋರು ಕೊರೆಸುವುದಿರಲಿ, ಎಮ್ಮೆ ಕೊಳ್ಳುವುದಿರಲಿ, ಶನಿವಾರ ನಸುಕಿನಲ್ಲಿ ಮಿಂದು, ಅವನ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸಿ ಕಾಯುತ್ತೇವೆ. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಉಹೂಂ. ಇದನ್ನೆಲ್ಲ ವಿವರಿಸಿದೆ. ಮ್ಯಾನೇಜರು ತಾಳ್ಮೆಯಿಂದಲೇ ಕೇಳಿ, ಈ ದರ ಇವತ್ತು ಸಂಜೆ ಆರರವರೆಗೆ ಮಾತ್ರ, ಶನಿವಾರಕ್ಕೆ ಇರುವುದಿಲ್ಲ ಎಂದರು. ಆಮೇಲೆ ಏನೋ ಹೊಳೆದವರಂತೆ, "ಮೇಡಂ, ಕೆಳಗೆ ರಿಸೆಪ್ಷನ್ನಲ್ಲಿ ಗಣಪತಿ ಇದ್ದಾನೆ, ಹೂ ತರಿಸ್ತೀನಿ, ಇಲ್ಲೇ ಕೇಳಿಬಿಡಿ" ಎಂದರು.

"ಆಂವ ದೊಡ್ಡಾವ್ರಿ, ಕೈ ಮುಗೀತೀನಿ," ಎಂದೆ. "ಆದ್ರ ನಮ್ಮ ಮನಿ ಸಂಗತಿ ಆತಗ ಏನ್ ಗೊತ್ತು?"

ಪಕ್ಕದ ಮೇಜಿನವರು ನಕ್ಕರು. ಇವರು ನಗಲಿಲ್ಲ. ಪೆನ್ನು ತೆರೆದೇ ಇತ್ತು.

ಊಟದ ಹೊತ್ತಾಯಿತು. ಕೈ ತೊಳೆಯುವ ಜಾಗದ ಹತ್ತಿರ ನಿರ್ಮಲಾ ಗೋಡೆಗೆ ಒರಗಿ ನಿಂತಿದ್ದಳು, ಬೆಳಗಿನಿಂದ ಮಾತಾಡಿ ಗಂಟಲು ಕಟ್ಟಿತ್ತು. ಕಂಪನಿಯವರ ಊಟ ಅತಿಥಿಗಳದು ಮುಗಿದ ಮೇಲಂತೆ. ನಾನು ಗಂಟು ಬಿಚ್ಚಿದೆ. ಮೊದಲು ಬೇಡವೆಂದಳು, ಎಣ್ಣೆಗಾಯಿಯ ವಾಸನೆ ಬಂದ ಮೇಲೆ ಕೈ ಚಾಚಿದಳು. ಊರು ಬಿಟ್ಟು ನಾಲ್ಕು ತಿಂಗಳಾಯಿತು ಎಂದಳು. ಎರಡು ರೊಟ್ಟಿ ನಿಂತೇ ತಿಂದಳು, ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡು ಹಿಂದೆ ಮುಂದೆ ನೋಡಿದಳು.

"ಅಕ್ಕಾರ, ನಿಮ್ಮ ಉಪ್ಪು ತಿಂದೇನಿ, ಅದಕ್ಕ ಹೇಳಾಕತ್ತೇನ್ರಿ. ಶನಿವಾರನ ಕೇಳ್ರಿ. ಅಲ್ಲೀತನ ಆ ಕಾಗದದ ಹಿಂದಿನ ಮಗ್ಗಲಾ ಓದ್ರಿ."

ಅಷ್ಟೇ. ಬಾಯಿ ಒರೆಸಿಕೊಂಡು, ನಗೆ ಹಚ್ಚಿಕೊಂಡು ಮತ್ತೆ ಒಳಗೆ ಹೋದಳು. ನಾನು ಮೇಜಿಗೆ ಮರಳಿ, ಪೆನ್ನಿನ ಮುಚ್ಚಳ ಎತ್ತಿ ಇವರ ಕೈಗೆ ಕೊಟ್ಟೆ. ಅವರು ನನ್ನನ್ನು ನೋಡಿದರು, ಮುಚ್ಚಳವನ್ನು ನೋಡಿದರು, ಪೆನ್ನು ಮುಚ್ಚಿ ಜೇಬಿಗಿಟ್ಟುಕೊಂಡರು.

ಮಾತಿಗೆ ತಪ್ಪದೆ ಹಡಗಿನ ಕಾಗದವನ್ನೂ ಕಂಪನಿಯ ಕರಾರಿನ ಒಂದು ಪ್ರತಿಯನ್ನೂ ಕೊಟ್ಟು ಕಳಿಸಿದರು. ಬಸ್ಸಿನಲ್ಲಿ ಇವರು ಕಿಟಕಿಯ ಪಕ್ಕ ಕೂತರು. ಮುನಿರಾಬಾದಿನ ಹತ್ತಿರ ಹೊಳೆ ದಾಟುವಾಗ ಕಿಟಕಿಯ ಕಡೆ ಮುಖ ಮಾಡಿಯೇ ಕೇಳಿದರು: "ನಿನಗ ಸಮುದ್ರ ಬ್ಯಾಡಾಗಿತ್ತೇನ?"

"ಬೇಕಾಗಿತ್ರಿ. ಮದ್ಲ ಸವಿತಾ ದಡ ಮುಟ್ಟಲಿ."

ಮನೆಗೆ ಬಂದು ಕನ್ನಡಕ ಏರಿಸಿ ಎರಡೂ ಕಾಗದಗಳ ಹಿಂದಿನ ಮಗ್ಗಲು ಓದಿದೆವು. ಹಡಗು ಪುಕ್ಕಟೆ; ಆದರೆ ಬಂದರಿನವರೆಗಿನ ದಾರಿ ನಮ್ಮದು, ತೆರಿಗೆ ನಮ್ಮದು, ತಾರೀಕು ಅವರದು. ಕಡಲ ಮನೆಗೆ ಹೋದರೂ ಹೋಗದಿದ್ದರೂ ವರ್ಷವರ್ಷ ಕಟ್ಟಬೇಕಾದ ಹಣವೊಂದಿತ್ತು, ಅದು ಏರುತ್ತಲೇ ಹೋಗುತ್ತಿತ್ತು. ಇರುವೆಯ ಸಾಲಿನಂಥ ಅಕ್ಷರ. ಇವರು ಓದಿ ಮುಗಿಸಿ, ದೇವರ ಕೋಣೆಯ ಕಡೆ ಒಮ್ಮೆ ನೋಡಿ, ಎದ್ದುಹೋದರು.

ಈಗ ಯೋಚಿಸುತ್ತೇನೆ, ಹೂವಿನ ಉತ್ತರಕ್ಕಿಂತ ಹೂವಿಗಾಗಿ ಕಾಯುವ ಆರು ದಿನವೇ ಅಲ್ಲವೇ ನಮ್ಮ ಹಿರಿಯರು ಬಿಟ್ಟುಹೋದ ಆಸ್ತಿ? ಆತುರದ ಕೈಗೆ ಒಂದು ಮುಚ್ಚಳ. ಕಂಪನಿಯವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕರೆಯದಿದ್ದರೆ, ಹದಿನೆಂಟು ವರ್ಷ ಒಂದು ಮಾತನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದ ಮನುಷ್ಯನ ಜೊತೆ ಬಾಳುತ್ತಿದ್ದೇನೆಂದು ನನಗೆ ಹೇಗೆ ತಿಳಿಯುತ್ತಿತ್ತು? ಸವಿತಾ ಈಗ ಕೊಪ್ಪಳದಲ್ಲಿ ನರ್ಸು. ನಿರ್ಮಲಾ ಎಲ್ಲಿದ್ದಾಳೋ, ದೀಪ ಹಚ್ಚುವಾಗ ಅವಳ ಹೆಸರೂ ಒಮ್ಮೆ ಬರುತ್ತದೆ.

ಆ ಶನಿವಾರ ಹೂವನ್ನಂತೂ ಕೇಳಿದೆ. ಆದರೆ ಇವತ್ತಿನವರೆಗೆ ಯಾರಿಗೂ ಹೇಳದ ಗುಟ್ಟೊಂದಿದೆ. ಕಾಗದದ ಮಾತನ್ನು ನಾನು ಎತ್ತಲೇ ಇಲ್ಲ. ಸಮುದ್ರವನ್ನು ಒಂದೇ ಜಿಗಿತಕ್ಕೆ ದಾಟಿದವನೇ, ನನಗದನ್ನು ದಾಟುವುದು ಬೇಡ, ದಂಡೆಯಲ್ಲಿ ನಿಲ್ಲುವ ಯೋಗ ಇದೆಯೇ, ಎಂದಷ್ಟೇ ಕೇಳಿದೆ. ಬಲಗಡೆಯ ಹೂವು ಬಿತ್ತು. ಸಮುದ್ರ ಇನ್ನೂ ನೋಡಿಲ್ಲ. ಅವನು ಮಾತು ಕೊಟ್ಟಿದ್ದಾನೆ, ಸಂಜೆ ಆರರ ಗಡುವು ಕೊಟ್ಟಿಲ್ಲ.

ಹೂವು ಕಣ್ಣಿಗೊತ್ತಿಕೊಂಡು ಅಡುಗೆಮನೆಗೆ ಬಂದೆ. ಹಿಂದಿನ ದಿನ ಗಿರಣಿಯಿಂದ ಬಂದ ಖಾರ ಹರಿವಾಣದಲ್ಲಿ ಕಾಯುತ್ತಿತ್ತು. ಹಡಗಿನ ಚಿತ್ರದ ಮಿರುಗುವ ಕಾಗದವನ್ನು ಗೋಡೆಯ ಮಾಡಿನ ಹಲಗೆಯ ಮೇಲೆ ಹಾಸಿದೆ. ಭರಣಿ ಇಡಲು ಹೇಳಿ ಮಾಡಿಸಿದಷ್ಟು ಅಗಲವಿತ್ತು. ಹುಳ ಹಿಡಿಯದಿರಲೆಂದು ಖಾರಕ್ಕೆ ಉಪ್ಪು ಬೆರೆಸಬೇಕು. ಒಂದು ಬೊಗಸೆ ಹರಳುಪ್ಪು ತೆಗೆದುಕೊಂಡಾಗ, ಇದು ಎಲ್ಲಿಂದ ಬಂದದ್ದು ಎಂಬುದು ಅಷ್ಟು ವರ್ಷಗಳಲ್ಲಿ ಮೊದಲ ಸಲ ನೆನಪಾಗಿ, ಕೈ ಒಂದು ಗಳಿಗೆ ನಿಂತಿತು. ಆಮೇಲೆ ಕುಟ್ಟಿ ಪುಡಿ ಮಾಡಿ, ಖಾರಕ್ಕೆ ಸುರಿದು, ಗಂಟಿಲ್ಲದಂತೆ ಕಲೆಸತೊಡಗಿದೆ.