ಅತ್ತೆಯ ಕೊಡ, ನನ್ನ ಕೆಂಪು ನೀರು

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಮದುವೆಯಾಗಿ ಹಾವೇರಿಗೆ ಬಂದ ಹೊಸದರಲ್ಲಿ ನಾನು ಬ್ಯಾಡಗಿಯ ಒಂದು ಕಾರ್ಖಾನೆಗೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಅಲ್ಲಿ ಮೆಣಸಿನಕಾಯಿಯಿಂದ ಬಣ್ಣ ತೆಗೆಯುತ್ತಿದ್ದರು. ಹೊರಬೀಳುವ ಕೆಂಪು ಜಿಡ್ಡುನೀರನ್ನು ಮತ್ತೆ ಬಳಸುವಂತೆ ಮಾಡುವುದು ನನ್ನ ಕೆಲಸ. ಅತ್ತೆ ಅದಕ್ಕಿಟ್ಟ ಹೆಸರು ಗಟಾರದ ನೌಕರಿ.

ಅವರ ಮಡಿ ಅಂದರೆ ಮಡಿ. ಸಂಜೆ ಬಂದು ಜಳಕ ಮಾಡದೆ ನಾನು ಕುಡಿಯುವ ನೀರಿನ ಕೊಡ ಮುಟ್ಟುವಂತಿರಲಿಲ್ಲ. ಬಾಯಾರಿದರೆ ಅವರೇ ದೂರದಿಂದ ನನ್ನ ಲೋಟಕ್ಕೆ ಹೊಯ್ಯುತ್ತಿದ್ದರು. ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಮನೆಯಲ್ಲೇ ನಾನು ಹೊರಗಿನವಳೇ ಎಂದು ಬಚ್ಚಲಲ್ಲಿ ಅತ್ತದ್ದೂ ಉಂಟು.

ಒಂದು ದಿನ ಖಾರಪುಡಿಗೆ ಮೆಣಸಿನಕಾಯಿ ಕೊಳ್ಳಲು ಬ್ಯಾಡಗಿ ಪೇಟೆಗೆ ಬಂದ ಅತ್ತೆ, ಒಟ್ಟಿಗೆ ಮನೆಗೆ ಹೋಗೋಣವೆಂದು ಗಂಟಿನ ಸಮೇತ ಕಾರ್ಖಾನೆಗೇ ಬಂದುಬಿಟ್ಟರು. ಆಗಿದ್ದಾಗಲಿ, ನೋಡಿಯೇ ಬಿಡಲಿ ಎಂದು ಒಳಗೆ ಕರೆದೊಯ್ದೆ.

ಕೊಳೆ ಇಳಿಸುವ ಪಟಿಕ ಹಾಕಿದ ತೊಟ್ಟಿಯಲ್ಲಿ ಕೆಸರು ತಳ ಸೇರಿತ್ತು. ನೀರು ಅಲ್ಲಿಂದ ಮರಳು, ಇದ್ದಿಲುಗಳಲ್ಲಿ ಇಳಿದು ತಿಳಿಯಾಗಿ ಬರುತ್ತಿತ್ತು. ಮುಂದಿನದು ಆರ್‌ಓ ಯಂತ್ರ. ಅದರೊಳಗಿನ ಪೊರೆ ಬಹಳ ನಾಜೂಕು, ಚೂರು ಜಿಡ್ಡು ಹೋದರೂ ಕಟ್ಟಿಕೊಳ್ಳುತ್ತದೆ. ಅದಕ್ಕೇ ಮೊದಲು ಆ ನೀರನ್ನು ಬಿಳಿ ಕಾಗದದ ಬಿಲ್ಲೆಯ ಮೂಲಕ ಹಾಯಿಸಿ ಪರೀಕ್ಷಿಸುತ್ತಿದ್ದೆ.

"ಕನ್ನಡಿ ಆಗೇತಲ್ರೀ ಮೇಡಂ, ಬಿಡ್ರಿ ಒಳಗ. ಬಸ್ಸಿಗೆ ಹೊತ್ತಾತು," ಎಂದ ಯಂತ್ರ ನಡೆಸುವವ.

ಬಿಲ್ಲೆಯ ಮೇಲೆ ತೆಳ್ಳಗೆ ಕೇಸರಿ ಬಣ್ಣ ಉಳಿದಿತ್ತು. ನನಗೆ ಸಿಟ್ಟು ನೆತ್ತಿಗೇರಿತು. "ಕಣ್ಣಿಗೆ ತಿಳಿ ಕಂಡ್ರ ಆತೇನ್ರಿ? ಇಲ್ಲಿ ನೋಡ್ರಿ ಬಣ್ಣ! ಒಂದ್ ಹನಿ ಬಿಡಂಗಿಲ್ಲ. ವಾಪಸ್ ತೊಟ್ಟಿಗೆ ಹಾಕ್ರಿ, ಮರಳು ತೊಳೀರಿ."

ಬಸ್ಸು ತಪ್ಪಿತು. ಇನ್ನು ಬೈಗುಳ ಗ್ಯಾರಂಟಿ ಎಂದು ತಿರುಗಿದರೆ, ಅತ್ತೆ ಮಡಿಲಲ್ಲಿ ಗಂಟಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. "ಯವ್ವಾ, ನನ್ನ ಮಡಿಗಿಂತ ನಿನ್ನ ಮಡಿ ಕಡಕ್ ಐತಲ್ಲ!" ಎಂದು ಸೆರಗು ಬಾಯಿಗಿಟ್ಟು ನಕ್ಕರು. ಬಿಲ್ಲೆ ಬೆಳ್ಳಗೆ ಬರುವವರೆಗೂ ಏಳಲಿಲ್ಲ.

ಮನೆ ತಲುಪಿದಾಗ ದೀಪ ಹಚ್ಚುವ ಹೊತ್ತು. ರೂಢಿಯಂತೆ ಬಚ್ಚಲ ಕಡೆ ಹೊರಟೆ.

"ಎಲ್ಲಿ ಹೊಂಟಿ?" ಅತ್ತೆ ತಡೆದು ಖಾಲಿ ತಂಬಿಗೆಯನ್ನು ಕೈಗಿಟ್ಟರು. "ಜಳಕ ಆಮ್ಯಾಲ ಮಾಡೀಯಂತ. ಕೊಡದಾಗಿಂದ ನೀರು ತಗೊಂಡು ಬಾ, ನೀರಡಿಕಿ ಆಗೇತಿ."

ಕಣ್ಣು ತುಂಬಿ ಕೊಡವೇ ಮಸುಕಾಗಿತ್ತು. ಹೇಗೋ ತುಂಬಿಸಿ ತಂದೆ. ಅವರು ಗಟಗಟನೆ ಕುಡಿದು ತಂಬಿಗೆ ಮತ್ತೆ ಮುಂದೆ ಚಾಚಿದರು.

"ಇನ್ನೊಂದು ತಾ. ಈಗ ನಿನಗ."