ಐದನೇ ನಂಬರಿನ ಬೂಟು

ಸರಸಕ್ಕ, ನಿಮ್ಮ ಕಾಲು ಹೋದದ್ದು ಕಲ್ಲು ತಾಗಿ ಅಲ್ಲ. ನಾನು ತರಿಸಿಕೊಟ್ಟ ಬೂಟಿನಿಂದ. ಅದು ನನಗೆ ಆಗಲೇ ಗೊತ್ತಿತ್ತು — ಎಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಪಾಲಿಬೆಟ್ಟದ ತೋಟದಲ್ಲಿ ನಾನು ಲೆಕ್ಕ ಬರೆಯುವ ರೈಟರ್ ಆಗಿದ್ದಾಗ, ನಮ್ಮ ಕಾಫಿ ಕೊಳ್ಳುವ ಹೊರದೇಶದವರು ಹಣ್ಣು ಕೊಯ್ಯುವ ಹೆಂಗಸರಿಗೆಲ್ಲ ಬೂಟು ಕಳಿಸುತ್ತೇವೆ, ಅಳತೆ ಬರೆದು ಕಳಿಸಿ ಎಂದರು. ಪೇಟೆಗೆ ಹೋಗುವವರ ಕೈಲಿ ಚಪ್ಪಲಿ ತರಿಸುವಾಗ ಮಾಡುವಂತೆಯೇ, ಕೂಲಿ ಲೈನಿನ ಮನೆಗಳವರೆಲ್ಲ ಪಾದದುದ್ದಕ್ಕೆ ಪೊರಕೆಕಡ್ಡಿ ಮುರಿದು ತಂದುಕೊಟ್ಟಿರಿ. ಅದನ್ನು ಸೆಂಟಿಮೀಟರಿನಲ್ಲಿ ಅಳೆದಿದ್ದರೆ ಮುಗಿದೇ ಹೋಗುತ್ತಿತ್ತು. ಅವರು ಕಳಿಸಿದ ಫಾರಮಿನ ಕೆಳಗೆ ಎಷ್ಟು ಸೆಂಟಿಮೀಟರಿಗೆ ಯಾವ ನಂಬರ್ ಎಂಬ ಪಟ್ಟಿಯೂ ಇತ್ತು. ನನಗೆ ಸೋಮಾರಿತನ, ಮೇಲೆ ಇಂಗ್ಲಿಷ್ ಬಲ್ಲೆನೆಂಬ ಜಂಬ ಬೇರೆ. ಕಡ್ಡಿಗಳನ್ನು ಒಲೆಗೆ ಹಾಕಿಸಿ, ಒಬ್ಬೊಬ್ಬರ ಚಪ್ಪಲಿ ನಂಬರ್ ಕೇಳಿ ಬರೆದೆ. ನೀವು ಐದು ಅಂದಿರಿ. ಐದೆಂದೇ ಬರೆದೆ — ಅಮೆರಿಕದ ಅಳತೆಯ ಕಾಲಮ್ಮಿನಲ್ಲಿ. ನಮ್ಮ ಅಂಗಡಿಗಳ ನಂಬರು ಬ್ರಿಟನ್ನಿನದು. ಇಲ್ಲಿಯ ಐದು ಅಮೆರಿಕದ ಹೆಂಗಸರ ಅಳತೆಯಲ್ಲಿ ಏಳಾಗುತ್ತದೆ. ಅವರ ಐದೆಂದರೆ ನಮ್ಮ ಮೂರು. ಹತ್ತು ವರ್ಷದ ಹುಡುಗಿಯ ಕಾಲಿಗೆ ಆಗುವಂಥದ್ದು.

ಬೂಟು ಹಂಚಿದ ದಿನ ನಿಮ್ಮ ಹಿಮ್ಮಡಿ ಒಳಗೆ ಇಳಿಯಲಿಲ್ಲ. ನಾನು ಒಳಗಿನ ಚೀಟಿ ನೋಡಿದೆ. ಅಮೆರಿಕ, ಬ್ರಿಟನ್, ಯುರೋಪು ಮೂರು ಕಡೆಯ ನಂಬರೂ ಸಾಲಾಗಿ ಇದ್ದವು. ಅಮೆರಿಕದ್ದು ಐದು, ಬ್ರಿಟನ್ನಿನದು ಮೂರು; ನನ್ನ ತಪ್ಪು ಆಗಲೇ ತಿಳಿಯಿತು. ಹಿಂದಿನ ತಿಂಗಳಷ್ಟೇ ಮ್ಯಾನೇಜರು ಇನ್ನೊಂದು ತಪ್ಪಿಗೆ ಎಲ್ಲರೆದುರು ನನ್ನ ನೀರಿಳಿಸಿದ್ದರು. ಹಾಗಾಗಿ — ಇಲ್ಲ, ಹಾಗಾಗಿ ಎಂದು ನಾನು ಹೇಳಬಾರದು.

"ರೈಟ್ರೇ, ಬಿಗಿ ಆಯ್ತದಲ್ಲ," ಎಂದಿರಿ.

"ಹೊಸ್ದಲ್ವಾ ಸರಸಕ್ಕ, ಹಾಕ್ತಾ ಹಾಕ್ತಾ ಸಡ್ಲ ಆಯ್ತದೆ," ಎಂದೆ.

ಉಳಿದವರು ನನ್ನನ್ನು ಬೈದುಕೊಂಡು, ಕತ್ತಿಯಲ್ಲಿ ಬೂಟಿನ ಮೂತಿ ಕೊಯ್ದು ಬೆರಳು ಹೊರಗೆ ಬಿಟ್ಟುಕೊಂಡರು. ನೀವು ಕೊಯ್ಯಲಿಲ್ಲ. ರೈಟ್ರು ಹೇಳಿದ್ದಾರಲ್ಲ ಎಂದು ಬೆರಳು ಮಡಚಿ ತುರುಕಿ ನಡೆದಿರಿ. ಸಕ್ಕರೆ ಕಾಯಿಲೆಯಿಂದ ನಿಮ್ಮ ಪಾದ ಯಾವಾಗಲೂ ಜೋಮು ಹಿಡಿದಂತೆ ಇರುತ್ತಿತ್ತು. ಒಳಗೆ ಹುಣ್ಣಾದದ್ದು ನಿಮಗೆ ತಿಳಿಯಲೇ ಇಲ್ಲ. ವಾಸನೆ ಬಂದ ಮೇಲೆ ಆಸ್ಪತ್ರೆಗೆ ಕರೆದೊಯ್ದೆ. ಮೊದಲು ಎರಡು ಬೆರಳು. ಆಮೇಲೆ ಮೊಣಕಾಲಿನ ಕೆಳಗೆ ಪೂರ್ತಿ...

ಎಂಥ ಪಾಪಿ ನಾನು — ಆಫೀಸಿನ ವರದಿಯಲ್ಲಿ ‘ಮನೆಯ ಬಳಿ ಬರಿಗಾಲಿನಲ್ಲಿ ಓಡಾಡುವಾಗ ಕಲ್ಲು ತಾಗಿ ಗಾಯ’ ಎಂದು ಬರೆದೆ. ಆಸ್ಪತ್ರೆಯ ಹಾಸಿಗೆ ಪಕ್ಕ ನಿಂತು ನಿಮಗೂ ಅದನ್ನೇ ಹೇಳಿದೆ. ಗಾಯ ಯಾವಾಗ ಆಯಿತೆಂಬುದೇ ಗೊತ್ತಿಲ್ಲದ ನೀವು ನಂಬಿದಿರಿ. ನಿಮ್ಮ ಮಗಳೂ ನಂಬಿದಳು.

ಹೋದ ವಾರ ಸುಂಟಿಕೊಪ್ಪದ ನಿಮ್ಮ ಮನೆಗೆ ಬಂದಿದ್ದೆನಲ್ಲ. ಆಸ್ಪತ್ರೆಗೆ ಸೇರಿಸಿ ಜೀವ ಉಳಿಸಿದವರು ಎಂದು ನನ್ನನ್ನು ಪಕ್ಕದ ಮನೆಯವರಿಗೆ ತೋರಿಸಿದಿರಿ. ನೀರು ಕೊಡು ಎಂದು ನೀವು ಕೂಗಿದ್ದಕ್ಕೆ ಮಗಳು ನನ್ನೆದುರೇ ಸಿಡುಕಿದಳು. "ಚಪ್ಪಲಿ ಹಾಕು ಅಂದ್ರೆ ಕೇಳಿದ್ಯಾ ಆವಾಗ? ಈಗ ಎಲ್ಲದಕ್ಕೂ ನಾನೇ ಬೇಕು."

"ಹೌದಮ್ಮ, ನಂದೇ ತಪ್ಪು," ಎಂದು ನೀವು ತಲೆ ತಗ್ಗಿಸಿದಿರಿ.

ನಾನು ಚಾ ಕುಡಿದು ಎದ್ದು ಬಂದೆ. 

ಕಾಲು ಕಳೆದದ್ದು ಸಾಲದೆಂದು ಅದರ ತಪ್ಪನ್ನೂ ನಿಮ್ಮ ತಲೆಗೇ ಕಟ್ಟಿದೆ. ತೋಟದವರಿಗೆ ನಿಜ ಬರೆದು ಇವತ್ತು ಕಳಿಸಿದ್ದೇನೆ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ಮಗಳು ಮನೆಯಲ್ಲಿರುವ ಹೊತ್ತಿಗೆ ಬಂದು, ಅವಳೆದುರೇ ಓದುತ್ತೇನೆ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಇನ್ನು ಅವಳು ಬೈಯುವುದಾದರೆ ನನ್ನನ್ನು ಬೈಯಲಿ.